ಡೇಟಾಬೇಸ್ ಸರ್ವರ್ ಅಪ್‌ಗ್ರೇಡ್: ಐದು ನಿಮಿಷದ ದಾರಿಯೋ, ಒಂದು ಭಾನುವಾರದ ದಾರಿಯೋ?

ಓದುಗರ ಪ್ರಶ್ನೆ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘದಲ್ಲಿ ಗಣಕ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ವಿಭಾಗದಲ್ಲಿ ಇರುವುದು ನಾನು ಮತ್ತು ಒಬ್ಬ ಸಹಾಯಕರು ಮಾತ್ರ. ಸದಸ್ಯರ ಖಾತೆ, ಠೇವಣಿ, ಸಾಲ, ಅಡಿಕೆ ಆವಕ, ಟೆಂಡರು, ಪಾವತಿ ಎಲ್ಲವೂ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ 12ನೆಯ ಆವೃತ್ತಿಯಲ್ಲಿವೆ. ಸರ್ವರ್‌ನಲ್ಲಿರುವ ಆಪರೇಟಿಂಗ್ ಸಿಸ್ಟಂ ಸೆಂಟ್‌ಓಎಸ್ 7. ಡೇಟಾಬೇಸ್ ಸುಮಾರು 160 ಜಿಬಿ ಇದೆ. ಸದಸ್ಯರ ಹೆಸರುಗಳು ಕನ್ನಡದಲ್ಲಿವೆ. ಸಹಿ ಮತ್ತು ಫೋಟೊಗಳನ್ನು ಲಾರ್ಜ್ ಆಬ್ಜೆಕ್ಟ್ (ದೊಡ್ಡ ಫೈಲುಗಳನ್ನು ಡೇಟಾಬೇಸ್ ಪ್ರತ್ಯೇಕವಾಗಿ ಇಡುವ ಬಗೆ) ರೂಪದಲ್ಲಿ ಅದರೊಳಗೇ ಇಟ್ಟಿದ್ದೇವೆ. ಪಕ್ಕದಲ್ಲಿ, ಮುಖ್ಯ ಸರ್ವರ್‌ನ ಪ್ರತಿ ಬದಲಾವಣೆಯನ್ನೂ ಹಿಂಬಾಲಿಸುವ ಒಂದು ಸ್ಟ್ಯಾಂಡ್‌ಬೈ ಸರ್ವರ್ ಇದೆ. ಬೆಂಬಲ ಮುಗಿದ ತಂತ್ರಾಂಶ ಬಳಸುತ್ತಿದ್ದೀರಿ ಎಂದು ಲೆಕ್ಕ ಪರಿಶೋಧಕರು ಈ ಸಲ ಆಕ್ಷೇಪಣೆ ಬರೆದಿದ್ದಾರೆ. ಹಾಗಾಗಿ 17ಕ್ಕೆ ಹೋಗಲು ತೀರ್ಮಾನವಾಗಿದೆ.

ತಂತ್ರಾಂಶ ಪೂರೈಸಿದವರು, "ಲಾಜಿಕಲ್ ರೆಪ್ಲಿಕೇಶನ್ ಮಾಡೋಣ, ಒಂದು ನಿಮಿಷವೂ ಕೆಲಸ ನಿಲ್ಲುವುದಿಲ್ಲ" ಎನ್ನುತ್ತಾರೆ. ಹಳೆಯ ಸರ್ವರ್ ನಡೆಯುತ್ತಿರುವಾಗಲೇ ಹೊಸದಕ್ಕೆ ನಕಲು ಮಾಡುವ ಆ ವಿಧಾನಕ್ಕೆ ಪ್ರತ್ಯೇಕ ದರ ಕೇಳುತ್ತಿದ್ದಾರೆ. ಪೋಸ್ಟ್‌ಗ್ರೆಸ್‌ನ ಜೊತೆಗೇ ಬರುವ ಅಪ್‌ಗ್ರೇಡ್ ಪ್ರೋಗ್ರಾಂ ಬಗ್ಗೆ ಪರಿಚಿತರೊಬ್ಬರು, "ಪಿಜಿ ಅಪ್‌ಗ್ರೇಡ್‌ನಲ್ಲಿ ಲಿಂಕ್ ಆಯ್ಕೆ ಹಾಕಿದರೆ ಐದು ನಿಮಿಷದ ಕೆಲಸ" ಎನ್ನುತ್ತಾರೆ. ಮತ್ತೊಬ್ಬರ ಪ್ರಕಾರ 12ರಿಂದ 13, ಅಲ್ಲಿಂದ 14, ಹೀಗೆ ಒಂದೊಂದೇ ಮೆಟ್ಟಿಲು ಹತ್ತಬೇಕು. ನಮ್ಮ ಕಾರ್ಯದರ್ಶಿಯವರು, "ನಡೆಯುತ್ತಿರುವುದನ್ನು ಯಾಕೆ ಮುಟ್ಟುತ್ತೀರಿ?" ಎಂದು ಕೇಳುತ್ತಾರೆ. ಭಾನುವಾರ ನಮ್ಮ ಕಚೇರಿಗೆ ರಜೆ. ಲೆಕ್ಕ ತಪ್ಪಿದರೆ ಸದಸ್ಯರಿಗೆ ಮುಖ ತೋರಿಸುವುದು ಹೇಗೆ ಎಂಬ ಭಯ ನನಗೆ. ಯಾವ ದಾರಿ ಹಿಡಿಯಲಿ? ಆಡಳಿತ ಮಂಡಳಿಯ ಬಳಿ ಎಷ್ಟು ಹೊತ್ತು ಕೇಳಲಿ?

ಉತ್ತರ

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಹೊಂದುವುದು ನಿಮ್ಮ ಪತ್ರದಲ್ಲಿ ಯಾರೂ ಸೂಚಿಸದ ಮೂರನೆಯ ದಾರಿ: ಹೊಸ ಯಂತ್ರದಲ್ಲಿ ಹೊಸ ಆಪರೇಟಿಂಗ್ ಸಿಸ್ಟಂ ಮತ್ತು ಪೋಸ್ಟ್‌ಗ್ರೆಸ್ 17 ಹಾಕಿ, ಹಳೆಯ ಸರ್ವರ್‌ನಿಂದ ಡಂಪ್ (ಎಲ್ಲ ದಾಖಲೆಗಳ ಪೂರ್ತಿ ಪ್ರತಿ) ತೆಗೆದು, ಒಂದು ಭಾನುವಾರ ಅದರಲ್ಲಿ ತುಂಬುವುದು. ಮೂರು ವಿಧಾನಗಳಲ್ಲಿ ಅತ್ಯಂತ ಹಳೆಯದೂ ನಿಧಾನವಾದುದೂ ಇದೇ. ಆದರೂ ಇದನ್ನೇ ಹೇಳಲು ಕಾರಣ ನೀವು ಹೆಚ್ಚು ಒತ್ತು ಕೊಡದೆ ಬರೆದಿರುವ ಮೂರು ಸಂಗತಿಗಳು: ಸೆಂಟ್‌ಓಎಸ್ 7, ಲಾರ್ಜ್ ಆಬ್ಜೆಕ್ಟ್‌ಗಳು ಮತ್ತು ಭಾನುವಾರದ ರಜೆ.

ನಿಮ್ಮ ನಿಜವಾದ ಆತಂಕ ಲೆಕ್ಕ ತಪ್ಪೀತು ಎಂಬುದು. ನಿಮಗೆ ಸಲಹೆ ಕೊಟ್ಟವರೆಲ್ಲ ಉತ್ತರಿಸಿರುವುದು ಕೆಲಸ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಪ್ರಶ್ನೆಗೆ. ಇವೆರಡೂ ಬೇರೆ ಬೇರೆ. ಕೆಲಸ ನಿಲ್ಲುವ ಅವಧಿ ಕಡಿಮೆಯಾದಷ್ಟೂ ಸಾಮಾನ್ಯವಾಗಿ ತಾಳೆ ನೋಡಲು ಸಿಗುವ ಹೊತ್ತೂ ಕಡಿಮೆಯಾಗುತ್ತದೆ. ದಿನದ 24 ಗಂಟೆಯೂ ರೋಗಿಗಳು ಬರುವ ಆಸ್ಪತ್ರೆಗೆ ಆ ಬೆಲೆ ತೆರದೆ ವಿಧಿಯಿಲ್ಲ. ವಾರಕ್ಕೊಂದು ಪೂರ್ತಿ ದಿನ ಬಾಗಿಲು ಹಾಕುವ ಸಂಘ ಅದನ್ನು ಏಕೆ ತೆರಬೇಕು?

ಕಿವಿಗೆ ಬಿದ್ದ ಮಾತುಗಳಲ್ಲಿ ನಿಜವೆಷ್ಟು

ಕಾರ್ಯದರ್ಶಿಯವರ ಮಾತಿನಿಂದ ಆರಂಭಿಸೋಣ, ಏಕೆಂದರೆ ಅವರ ಒಪ್ಪಿಗೆ ಇಲ್ಲದೆ ಏನೂ ನಡೆಯದು. ಪೋಸ್ಟ್‌ಗ್ರೆಸ್‌ನ ಒಂದೊಂದು ಪ್ರಮುಖ ಆವೃತ್ತಿಗೂ ಬಿಡುಗಡೆಯಾದಂದಿನಿಂದ ಐದು ವರ್ಷ ಬೆಂಬಲ ಇರುತ್ತದೆ. 12ನೆಯ ಆವೃತ್ತಿಯ ಕೊನೆಯ ಬಿಡುಗಡೆ 12.22, ಅದು ಬಂದದ್ದು 2024ರ ನವೆಂಬರ್‌ನಲ್ಲಿ. ಮರುವರ್ಷದ ಫೆಬ್ರುವರಿಯಲ್ಲಿ ಲಿಬ್‌ಪಿಕ್ಯು ಎಂಬ ಸಂಪರ್ಕ ಲೈಬ್ರರಿಯಲ್ಲಿ ಎಸ್‌ಕ್ಯುಎಲ್ ಇಂಜೆಕ್ಷನ್‌ಗೆ (ಹೊರಗಿನವರು ಡೇಟಾಬೇಸ್‌ಗೆ ತಮ್ಮ ಆದೇಶ ತೂರಿಸುವುದಕ್ಕೆ) ದಾರಿ ಮಾಡುವ ಗಂಭೀರ ದೋಷವೊಂದು ಬಯಲಾಯಿತು. 13ರಿಂದ 17ರವರೆಗಿನ ಎಲ್ಲ ಆವೃತ್ತಿಗಳಿಗೂ ತಿದ್ದುಪಡಿ ಬಂತು, 12ಕ್ಕೆ ಬರಲಿಲ್ಲ. ನಿಮ್ಮ ಸೆಂಟ್‌ಓಎಸ್ 7ರ ಬೆಂಬಲವಂತೂ 2024ರ ಜೂನ್ 30ಕ್ಕೇ ಮುಗಿದಿದೆ. ಸರ್ವರ್ ನಡೆಯುತ್ತಿದೆ ಎಂಬುದು ಸತ್ಯ. ಮುಂದೆ ಸಿಗುವ ಯಾವ ದೋಷಕ್ಕೂ ಅದರಲ್ಲಿ ಪರಿಹಾರ ಇರುವುದಿಲ್ಲ ಎಂಬುದೂ ಸತ್ಯ. ಲೆಕ್ಕ ಪರಿಶೋಧಕರ ಆಕ್ಷೇಪಣೆ ನ್ಯಾಯವಾದದ್ದೇ.

ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕೆಂಬ ಮಾತು ತಪ್ಪು. 12ರಿಂದ 17ಕ್ಕೆ ಒಂದೇ ಹೆಜ್ಜೆಯಲ್ಲಿ ಹೋಗಬಹುದು. ನಾನು ಹೇಳುತ್ತಿರುವ ಮೂರು ವಿಧಾನಗಳಲ್ಲೂ ಇದು ಸಾಧ್ಯ. ಆದರೆ ನಡುವಿನ ಐದು ಆವೃತ್ತಿಗಳ ಬಿಡುಗಡೆ ಟಿಪ್ಪಣಿಗಳನ್ನು ಓದುವುದನ್ನು ಮಾತ್ರ ಬಿಡುವಂತಿಲ್ಲ. ಆ ಮಾತನ್ನು ಹೇಳಿದವರ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಈ ಎಚ್ಚರಿಕೆಯೇ.

ಸ್ಟ್ಯಾಂಡ್‌ಬೈ ಇದೆಯಲ್ಲ, ಅದೇ ಬ್ಯಾಕಪ್ ಎಂಬ ಭಾವನೆ ನಿಮ್ಮ ಕಚೇರಿಯಲ್ಲಿ ಇದ್ದರೆ ಅದನ್ನು ಇಂದೇ ಅಳಿಸಿ. ಮುಖ್ಯ ಸರ್ವರ್‌ನಲ್ಲಿ ಯಾರಾದರೂ ತಪ್ಪಿ ಒಂದು ಕೋಷ್ಟಕವನ್ನು ಅಳಿಸಿದರೆ ಮರುಕ್ಷಣವೇ ಅದು ಸ್ಟ್ಯಾಂಡ್‌ಬೈಯಲ್ಲೂ ಅಳಿಯುತ್ತದೆ. ಯಂತ್ರ ಕೆಟ್ಟಾಗ ಸ್ಟ್ಯಾಂಡ್‌ಬೈ ಕಾಯುತ್ತದೆ, ಕೈತಪ್ಪಾದಾಗ ಕಾಯುವುದಿಲ್ಲ. ಅಪ್‌ಗ್ರೇಡ್ ಎಂದರೆ ಕೈತಪ್ಪಿಗೆ ಹೆಚ್ಚು ಅವಕಾಶವಿರುವ ದಿನ.

ಹಳೆಯ ಫೈಲುಗಳನ್ನು ಹೊಸ ಆವೃತ್ತಿ ನೇರವಾಗಿ ಏಕೆ ಓದುವುದಿಲ್ಲ

12.5ರಿಂದ 12.22ಕ್ಕೆ ಹೋಗುವುದು ಸಣ್ಣ ಬದಲಾವಣೆ. ಪ್ರೋಗ್ರಾಂ ಫೈಲುಗಳನ್ನು ಬದಲಿಸಿ ಸರ್ವರ್ ಅನ್ನು ಮರಳಿ ಚಾಲೂ ಮಾಡಿದರೆ ಮುಗಿಯಿತು. 12ರಿಂದ 17ಕ್ಕೆ ಹೋಗುವಾಗ ಹಾಗಾಗುವುದಿಲ್ಲ. ಯಾವ ಕೋಷ್ಟಕ ಎಲ್ಲಿದೆ, ಅದರ ಕಾಲಂಗಳು ಯಾವುವು, ಯಾರಿಗೆ ಯಾವ ಹಕ್ಕು ಇದೆ ಎಂಬುದನ್ನು ಪೋಸ್ಟ್‌ಗ್ರೆಸ್ ತನ್ನ ಆಂತರಿಕ ಕೋಷ್ಟಕಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಸಿಸ್ಟಂ ಕ್ಯಾಟಲಾಗ್ ಎನ್ನುತ್ತಾರೆ. ಪ್ರತಿ ಪ್ರಮುಖ ಆವೃತ್ತಿಯಲ್ಲೂ ಅದರ ರಚನೆ ಬದಲಾಗುತ್ತದೆ. ನಿಮ್ಮ ಸದಸ್ಯರ ದಾಖಲೆಗಳಿರುವ ಫೈಲುಗಳ ರಚನೆ ಮಾತ್ರ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಮೂರು ವಿಧಾನಗಳ ಗುಣದೋಷಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಪಿಜಿ ಅಪ್‌ಗ್ರೇಡ್ ಕ್ಯಾಟಲಾಗನ್ನು ಮಾತ್ರ ಹೊಸದಾಗಿ ಕಟ್ಟಿ, ದಾಖಲೆಗಳ ಫೈಲುಗಳನ್ನು ಇದ್ದಂತೆಯೇ ಬಳಸಿಕೊಳ್ಳುತ್ತದೆ. ಡಂಪ್ ವಿಧಾನದಲ್ಲಿ ಎಲ್ಲವನ್ನೂ ಎಸ್‌ಕ್ಯುಎಲ್ ಆದೇಶಗಳಾಗಿ ಮತ್ತು ಸಾಲುಗಳಾಗಿ ಹೊರತೆಗೆದು, ಹೊಸ ಜಾಗದಲ್ಲಿ ಮೊದಲಿನಿಂದ ಬರೆಯಲಾಗುತ್ತದೆ. ಲಾಜಿಕಲ್ ರೆಪ್ಲಿಕೇಶನ್‌ನಲ್ಲಿ ಹಳೆಯದು ಕೆಲಸ ಮಾಡುತ್ತಿರುವಾಗಲೇ ಪಕ್ಕದಲ್ಲಿ ಹೊಸದು ತುಂಬಿಕೊಳ್ಳುತ್ತಾ, ಒಂದೊಂದು ಬದಲಾವಣೆಯನ್ನೂ ಹಿಂಬಾಲಿಸುತ್ತದೆ. ಕೊನೆಯಲ್ಲಿ ಬಳಕೆದಾರರನ್ನು ಅತ್ತ ತಿರುಗಿಸಿದರಾಯಿತು.

ಐದು ನಿಮಿಷದ ದಾರಿಯ ಒಳಗುಟ್ಟು

ನಿಮ್ಮ ಪರಿಚಿತರು ಸುಳ್ಳು ಹೇಳಿಲ್ಲ. ಲಿಂಕ್ ಆಯ್ಕೆಯಲ್ಲಿ ಪಿಜಿ ಅಪ್‌ಗ್ರೇಡ್ ಫೈಲುಗಳನ್ನು ನಕಲು ಮಾಡುವುದಿಲ್ಲ. ಅದೇ ಫೈಲಿಗೆ ಇನ್ನೊಂದು ಹೆಸರನ್ನು ಕೊಡುತ್ತದೆ. ಒಂದೇ ಮನೆಗೆ ಎರಡನೆಯ ಬಾಗಿಲು ಇಟ್ಟಂತೆ. ಹಾಗಾಗಿ ಡೇಟಾಬೇಸ್ ಎಷ್ಟೇ ದೊಡ್ಡದಿರಲಿ ಕೆಲಸ ಬೇಗ ಮುಗಿಯುತ್ತದೆ. ಆದರೆ ಹೊಸ ಸರ್ವರ್ ಅನ್ನು ಒಮ್ಮೆ ಚಾಲೂ ಮಾಡಿದ ಮೇಲೆ ಹಳೆಯದನ್ನು ಬಳಸುವುದು ಸುರಕ್ಷಿತವಲ್ಲ. ಎರಡೂ ಒಂದೇ ಫೈಲುಗಳನ್ನು ಮುಟ್ಟುವುದರಿಂದ, ಹೊಸದು ಬರೆದದ್ದು ಹಳೆಯದನ್ನು ಕೆಡಿಸುತ್ತದೆ. ಸೋಮವಾರ ಬೆಳಿಗ್ಗೆ ಏನಾದರೂ ಎಡವಟ್ಟಾದರೆ ನಿಮಗೆ ಉಳಿಯುವುದು ಬ್ಯಾಕಪ್‌ನಿಂದ ಮರಳಿ ತುಂಬುವುದೊಂದೇ. ಆ ಬ್ಯಾಕಪ್ ತುಂಬಲು ಎಷ್ಟು ಗಂಟೆ ಬೇಕು ಎಂದು ಯಾವತ್ತಾದರೂ ಅಳೆದಿದ್ದೀರಾ? ಐದು ನಿಮಿಷದ ದಾರಿಯ ಜೊತೆಗೆ ಆ ಗಂಟೆಗಳನ್ನೂ ಎಣಿಸಬೇಕು.

ನಕಲು ಆಯ್ಕೆಯಲ್ಲಿ ಈ ತೊಂದರೆ ಇಲ್ಲ. ದುಪ್ಪಟ್ಟು ಜಾಗ ಬೇಕು, ಹೊತ್ತೂ ಹಿಡಿಯುತ್ತದೆ, ಆದರೆ ಹಳೆಯದು ಅಖಂಡವಾಗಿ ಉಳಿಯುತ್ತದೆ. ಎಕ್ಸ್‌ಎಫ್‌ಎಸ್‌ನಂತಹ ಕೆಲವು ಫೈಲ್ ವ್ಯವಸ್ಥೆಗಳಲ್ಲಿ, ರಿಫ್ಲಿಂಕ್ ಸೌಲಭ್ಯ (ಬದಲಾದ ಭಾಗವನ್ನು ಮಾತ್ರ ಬೇರೆಯಾಗಿ ಬರೆಯುವ ನಕಲು) ಇದ್ದರೆ, ಕ್ಲೋನ್ ಎಂಬ ಆಯ್ಕೆಯೂ ಇದೆ. ಅದು ಲಿಂಕ್‌ನಷ್ಟೇ ಬೇಗ ಮುಗಿಯುತ್ತದೆ, ಹಳೆಯದನ್ನೂ ಕೆಡಿಸುವುದಿಲ್ಲ. ನಿಮ್ಮ ಆಪರೇಟಿಂಗ್ ಸಿಸ್ಟಂ ಹೊಸದಾಗಿದ್ದಿದ್ದರೆ ನಾನು ಇದನ್ನೇ ಹೇಳುತ್ತಿದ್ದೆ.

ಯಾರೂ ಹೇಳದ ಅಪಾಯ: ಅಕ್ಷರಗಳ ಕ್ರಮ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಬೇರೆಯವರ ಅಪ್‌ಗ್ರೇಡ್‌ಗಳನ್ನು ಸರಿಪಡಿಸಲು ಕರೆ ಬಂದಾಗ ನಾನು ಹೆಚ್ಚಾಗಿ ಕಂಡಿರುವ ತೊಂದರೆ ಇದು.

ಪಿಜಿ ಅಪ್‌ಗ್ರೇಡ್ ನಡೆಯಬೇಕಾದರೆ ಹಳೆಯ ಮತ್ತು ಹೊಸ ಪ್ರೋಗ್ರಾಂಗಳೆರಡೂ ಒಂದೇ ಯಂತ್ರದಲ್ಲಿ ಇರಬೇಕು. ಸೆಂಟ್‌ಓಎಸ್ 7ಕ್ಕೆ ಪೋಸ್ಟ್‌ಗ್ರೆಸ್ 17ರ ಪ್ಯಾಕೇಜ್ ಇಲ್ಲ. ಆದ್ದರಿಂದ ಡೇಟಾ ಫೈಲುಗಳನ್ನು ರಾಕಿ ಲಿನಕ್ಸ್ 9 ಅಥವಾ ಅಂಥದ್ದೇ ಹೊಸ ಯಂತ್ರಕ್ಕೆ ಇದ್ದಂತೆಯೇ ಒಯ್ಯಬೇಕಾಗುತ್ತದೆ. ಕೆಲವರು ಹೊಸ ಯಂತ್ರವನ್ನು ಸ್ಟ್ಯಾಂಡ್‌ಬೈ ಆಗಿ ಜೋಡಿಸಿ, ಆಮೇಲೆ ಅದನ್ನೇ ಮುಖ್ಯ ಸರ್ವರ್ ಮಾಡಿಕೊಳ್ಳುತ್ತಾರೆ. ಹೇಗೆ ಒಯ್ದರೂ ಫಲ ಒಂದೇ.

ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಸ್ವತಃ ತೀರ್ಮಾನಿಸುವುದಿಲ್ಲ, ಲಿನಕ್ಸ್‌ನ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯನ್ನು ಕೇಳುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಈ ಕ್ರಮದ ನಿಯಮಗಳನ್ನು ದೊಡ್ಡ ಪ್ರಮಾಣದಲ್ಲಿ ಪರಿಷ್ಕರಿಸಲಾಯಿತು. ಸೆಂಟ್‌ಓಎಸ್ 7ರಲ್ಲಿರುವುದು 2.17, ರಾಕಿ 9ರಲ್ಲಿರುವುದು 2.34. ಅಂದರೆ ನೀವು ದಾಟುವುದು ಆ ಗಡಿಯನ್ನೇ. ಒಂದು ಸರಳ ಉದಾಹರಣೆ ನೋಡಿ: ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಲ್ಲಿ (ಭಾಷೆ, ದೇಶಕ್ಕೆ ತಕ್ಕ ನಿಯಮಗಳ ಸೆಟ್ಟಿಂಗ್‌ನಲ್ಲಿ) ಹಳೆಯ ನಿಯಮದ ಪ್ರಕಾರ "11" ಮೊದಲು, "1-1" ಆಮೇಲೆ. ಹೊಸ ನಿಯಮದಲ್ಲಿ "1-1" ಮೊದಲು. ನಿಮ್ಮ ಖಾತೆ ಸಂಖ್ಯೆಗಳ ನಡುವೆ ಅಡ್ಡಗೆರೆ ಇದ್ದರೆ, ಅವು ಪಠ್ಯ ರೂಪದಲ್ಲಿದ್ದರೆ, ಇದು ನೇರವಾಗಿ ನಿಮ್ಮ ತಲೆಯ ಮೇಲೇ ಬರುತ್ತದೆ.

ಇಂಡೆಕ್ಸ್ ಎಂದರೆ ಕ್ರಮವಾಗಿ ಜೋಡಿಸಿಟ್ಟ ಪಟ್ಟಿ. ಹಳೆಯ ನಿಯಮದಲ್ಲಿ ಜೋಡಿಸಿದ ಪಟ್ಟಿಯಲ್ಲಿ ಹೊಸ ನಿಯಮದ ಪ್ರಕಾರ ಹುಡುಕಿದರೆ, ಇರುವ ದಾಖಲೆಯೇ ಇಲ್ಲ ಎಂದು ಉತ್ತರ ಬರುತ್ತದೆ. ದೋಷದ ಸಂದೇಶ ಬರುವುದಿಲ್ಲ, ಸರ್ವರ್ ನಿಲ್ಲುವುದಿಲ್ಲ. ನಾನು ನೋಡಿದ ಒಂದು ಕಚೇರಿಯಲ್ಲಿ ಅಪ್‌ಗ್ರೇಡ್ ಆದ ಮೇಲೆ ವಾರಗಟ್ಟಲೆ ಎಲ್ಲವೂ ಚೆನ್ನಾಗಿಯೇ ಇದ್ದಂತೆ ಕಂಡಿತ್ತು. ಹುಡುಕಿದಾಗ ಹೆಸರು ಸಿಗದ ಕಾರಣ ಕೌಂಟರಿನ ಸಿಬ್ಬಂದಿ ಅದೇ ವ್ಯಕ್ತಿಯನ್ನು ಹೊಸದಾಗಿ ನೋಂದಾಯಿಸುತ್ತಿದ್ದರು. ಎರಡನೆಯದನ್ನು ತಡೆಯಬೇಕಿದ್ದ ಯೂನಿಕ್ ಇಂಡೆಕ್ಸ್ ಕೂಡ ಮೊದಲನೆಯದನ್ನು ಕಾಣದೆ ಒಳಗೆ ಬಿಟ್ಟಿತ್ತು. ಒಂದೇ ವ್ಯಕ್ತಿಗೆ ಎರಡು ಖಾತೆ, ಎರಡರಲ್ಲೂ ವ್ಯವಹಾರ. ಅದನ್ನು ಬಿಡಿಸಿ ಒಂದು ಮಾಡಲು ಅಲ್ಲಿಯ ಸಿಬ್ಬಂದಿ ಪಟ್ಟ ಪಾಡನ್ನು ಯಾವ ಸಂಘವೂ ಪಡಬಾರದು ಎಂಬುದು ನನ್ನ ಆಸೆ.

ಇದಕ್ಕೆ ಪರಿಹಾರ ಇದೆ. ಪಿಜಿ ಅಪ್‌ಗ್ರೇಡ್ ಮುಗಿದ ಕೂಡಲೇ, ಬಳಕೆದಾರರನ್ನು ಒಳಬಿಡುವ ಮೊದಲು, ಪಠ್ಯ ಕಾಲಂಗಳ ಎಲ್ಲ ಇಂಡೆಕ್ಸ್‌ಗಳನ್ನೂ ರೀಇಂಡೆಕ್ಸ್ ಆದೇಶದಿಂದ ಮರಳಿ ಕಟ್ಟಬೇಕು. ಆಗ ಐದು ನಿಮಿಷ ಎಂಬ ಆಕರ್ಷಣೆ ಅಲ್ಲೇ ಕರಗಿಹೋಗುತ್ತದೆ. ಡಂಪ್ ದಾರಿಯಲ್ಲಿ ಈ ಚಿಂತೆಯೇ ಇಲ್ಲ. ಸಾಲುಗಳು ಮೊದಲು ಬರುತ್ತವೆ, ಇಂಡೆಕ್ಸ್‌ಗಳು ಆಮೇಲೆ ಹೊಸ ಯಂತ್ರದಲ್ಲೇ, ಹೊಸ ನಿಯಮದಲ್ಲೇ ಹುಟ್ಟುತ್ತವೆ.

ಕನ್ನಡದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಈ ಗೊಂದಲದಿಂದ ತಪ್ಪಿಸಿಕೊಳ್ಳಲು ಕೆಲವರು 'ಸಿ' ಎಂಬ ಕ್ರಮವನ್ನು ಸೂಚಿಸುತ್ತಾರೆ. ಅದು ಯೂನಿಕೋಡ್ ಸಂಖ್ಯೆಯಂತೆ ಜೋಡಿಸುತ್ತದೆ, ಆಪರೇಟಿಂಗ್ ಸಿಸ್ಟಂ ಬದಲಾದರೂ ಬದಲಾಗುವುದಿಲ್ಲ. ಆದರೆ ಯೂನಿಕೋಡ್‌ನಲ್ಲಿ ಳ ಇರುವುದು ಲ ಮತ್ತು ವ ನಡುವೆ. ನಮ್ಮ ವರ್ಣಮಾಲೆಯಲ್ಲಿ ಹ ಆದ ಮೇಲೆ. ಹಾಗಾಗಿ 'ಸಿ' ಕ್ರಮದಲ್ಲಿ ಕಾಳಮ್ಮ ಮೊದಲು ಬಂದು ಕಾವೇರಿ ಆಮೇಲೆ ಬರುತ್ತಾಳೆ. ಮಹಾಸಭೆಗೆ ಮುದ್ರಿಸುವ ಸದಸ್ಯರ ಪಟ್ಟಿಯಲ್ಲಿ ಹಿರಿಯರೊಬ್ಬರು ಇದನ್ನು ತೋರಿಸಿ ಕೇಳಿಯೇ ಕೇಳುತ್ತಾರೆ. ಈ ಅಪ್‌ಗ್ರೇಡ್‌ನ ಜೊತೆಗೆ ಅಕ್ಷರಕ್ರಮವನ್ನು ಬದಲಿಸಲು ಹೋಗಬೇಡಿ. ಈಗ ಇರುವ ಲೊಕೇಲ್ ಅನ್ನೇ ಹೊಸದರಲ್ಲೂ ಇಡಿ, ತಾಲೀಮಿನಲ್ಲಿ ಸದಸ್ಯರ ಪಟ್ಟಿಯನ್ನು ಒಮ್ಮೆ ಮುದ್ರಿಸಿ ಕಣ್ಣಾಡಿಸಿ.

ಒಂದು ನಿಮಿಷವೂ ನಿಲ್ಲದ ದಾರಿ

ಲಾಜಿಕಲ್ ರೆಪ್ಲಿಕೇಶನ್ ಪೋಸ್ಟ್‌ಗ್ರೆಸ್‌ನೊಳಗೇ ಇದೆ, 10ನೆಯ ಆವೃತ್ತಿಯಿಂದ. ಒಳ್ಳೆಯ ವಿಧಾನ. ಎಂದೂ ಮುಚ್ಚದ ವ್ಯವಸ್ಥೆಗಳಲ್ಲಿ ನಾನು ಅದನ್ನೇ ಆಯ್ದುಕೊಳ್ಳುತ್ತೇನೆ. ಆದರೆ ಅದು ಲಾರ್ಜ್ ಆಬ್ಜೆಕ್ಟ್‌ಗಳನ್ನು ಒಯ್ಯುವುದಿಲ್ಲ. ನಿಮ್ಮ ಸದಸ್ಯರ ಸಹಿ, ಫೋಟೊಗಳು ಹಳೆಯ ಸರ್ವರ್‌ನಲ್ಲೇ ಉಳಿಯುತ್ತವೆ. ಪೂರೈಕೆದಾರರ ಬಳಿ ಈ ಒಂದೇ ಪ್ರಶ್ನೆ ಕೇಳಿ: "ಸಹಿಗಳನ್ನು ಹೇಗೆ ಒಯ್ಯುತ್ತೀರಿ?" ಅವರ ಉತ್ತರದಿಂದಲೇ ಅವರು ನಿಮ್ಮ ಡೇಟಾಬೇಸನ್ನು ತೆರೆದು ನೋಡಿದ್ದಾರೋ ಇಲ್ಲವೋ ತಿಳಿಯುತ್ತದೆ.

ಬೇರೆ ಕೊರತೆಗಳೂ ಇವೆ. ರಸೀದಿಯಂಥವುಗಳಿಗೆ ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್‌ಗಳ ಸಂಖ್ಯೆ 12ರಿಂದ 17ಕ್ಕೆ ಹೀಗೆ ಹೋಗುವಾಗ ತಾನಾಗಿ ಬರುವುದಿಲ್ಲ. ಕೈಯಾರೆ ಮುಂದೆ ತಳ್ಳದಿದ್ದರೆ ಸೋಮವಾರದ ಮೊದಲ ರಸೀದಿಗೆ ಹಿಂದೆಂದೋ ಕೊಟ್ಟ ಸಂಖ್ಯೆ ಬಂದು ಕೂರುತ್ತದೆ. ಪ್ರತಿ ಸಾಲನ್ನೂ ಗುರುತಿಸುವ ಪ್ರೈಮರಿ ಕೀ ಇಲ್ಲದ ಕೋಷ್ಟಕಗಳನ್ನು ಪ್ರಕಟಣೆಗೆ (ಹೊಸದಕ್ಕೆ ಕಳಿಸುವ ಕೋಷ್ಟಕಗಳ ಪಟ್ಟಿಗೆ) ಸೇರಿಸಿದರೆ, ಗುರುತಿಗೆ ಬೇರೆ ಏರ್ಪಾಡು ಮಾಡದ ಹೊರತು, ಅವುಗಳಲ್ಲಿ ತಿದ್ದುವ ಮತ್ತು ಅಳಿಸುವ ಆದೇಶಗಳು ಹಳೆಯ ಸರ್ವರ್‌ನಲ್ಲೇ ದೋಷ ಕೊಡುತ್ತವೆ. ಅಂದರೆ ನಡೆಯುತ್ತಿರುವ ಕೌಂಟರಿಗೇ ಪೆಟ್ಟು. ಹೊಸ ಸರ್ವರ್ ಮಧ್ಯದಲ್ಲಿ ನಿಂತುಹೋದರೆ, ಅದು ಬಂದು ಓದಲಿ ಎಂದು ಹಳೆಯದು ಬದಲಾವಣೆಗಳನ್ನು ದಾಖಲಿಸುವ ತನ್ನ ವಾಲ್ ಫೈಲುಗಳನ್ನು ಕೂಡಿಡುತ್ತಾ ಹೋಗುತ್ತದೆ. ಡಿಸ್ಕ್ ತುಂಬಿದರೆ ಅದೂ ನಿಲ್ಲುತ್ತದೆ. ರಾತ್ರಿ ವಿದ್ಯುತ್ ಹೋಗಿ ಹೊಸ ಯಂತ್ರ ಆರಿದ್ದನ್ನು ಯಾರೂ ಗಮನಿಸದ ಊರುಗಳಲ್ಲಿ ಇದು ಬರೀ ಊಹೆಯಲ್ಲ. ಇಷ್ಟೆಲ್ಲ ಆದ ಮೇಲೂ ಕೊನೆಯ ತಿರುವಿನಲ್ಲಿ ಕೆಲವು ನಿಮಿಷ ಕೆಲಸ ನಿಲ್ಲಿಸಲೇಬೇಕು. ಇಬ್ಬರೇ ಇರುವ ವಿಭಾಗ ವಾರಗಟ್ಟಲೆ ಎರಡು ಸರ್ವರ್‌ಗಳನ್ನು ಕಾಯುವ ಹೊರೆಯನ್ನು ಭಾನುವಾರದ ರಜೆ ಇದ್ದೂ ಹೊರಬೇಕಾಗಿಲ್ಲ.

ಡಂಪ್ ದಾರಿಯ ಕಷ್ಟಗಳು

ಈ ದಾರಿಯ ಮುಖ್ಯ ಕಷ್ಟ ಹೊತ್ತು. ಎಷ್ಟು ಹೊತ್ತು ಎಂದು ನಾನು ಇಲ್ಲಿ ಕುಳಿತು ಹೇಳಿದರೆ ಅದು ಊಹೆ. ನಿಮ್ಮ ಡಿಸ್ಕ್, ಕಚೇರಿಯ ನೆಟ್‌ವರ್ಕ್, ಇಂಡೆಕ್ಸ್‌ಗಳ ಸಂಖ್ಯೆ ಅದನ್ನು ತೀರ್ಮಾನಿಸುತ್ತವೆ. ಹೊಸ ಯಂತ್ರ ಬಂದ ಕೂಡಲೇ ಹಳೆಯ ಸರ್ವರ್ ಅನ್ನು ನಿಲ್ಲಿಸದೆ ಪೂರ್ತಿ ತಾಲೀಮು ನಡೆಸಿ. ಡಂಪ್ ತೆಗೆಯುವ ಪ್ರೋಗ್ರಾಂ ಆದ ಪಿಜಿ ಡಂಪ್ ನಡೆಯುವಾಗ ಬಳಕೆದಾರರು ಕೆಲಸ ಮಾಡುತ್ತಲೇ ಇರಬಹುದು; ಡಂಪ್ ಶುರುವಾದ ಕ್ಷಣದ ಚಿತ್ರವನ್ನು ಅದು ಹಿಡಿದುಕೊಳ್ಳುತ್ತದೆ. ಸರ್ವರ್ ಮೇಲಿನ ಹೊರೆ ಹೆಚ್ಚುವುದರಿಂದ ಸಂಜೆ ಕೌಂಟರ್ ಮುಚ್ಚಿದ ಮೇಲೆ ಆರಂಭಿಸಿ.

ಡಂಪ್ ತೆಗೆಯುವಾಗ ಹೊಸ ಯಂತ್ರದಲ್ಲಿರುವ 17ರ ಪಿಜಿ ಡಂಪನ್ನೇ ಬಳಸಿ, ಹಳೆಯದನ್ನಲ್ಲ. ಅದು ಹಳೆಯ ಸರ್ವರ್‌ಗೆ ನೆಟ್‌ವರ್ಕ್ ಮೂಲಕ ಸಂಪರ್ಕಿಸಿ, 17ಕ್ಕೆ ಹೊಂದುವಂತೆ ಬರೆದುಕೊಡುತ್ತದೆ. ಡೈರೆಕ್ಟರಿ ರೂಪದಲ್ಲಿ ತೆಗೆದರೆ ಹಲವು ಕೆಲಸಗಳು ಏಕಕಾಲಕ್ಕೆ ಓಡುತ್ತವೆ. ಆದರೆ ಹಂಚಿಕೆ ಆಗುವುದು ಕೋಷ್ಟಕಕ್ಕೆ ಒಂದರಂತೆ. 160 ಜಿಬಿಯಲ್ಲಿ 100 ಜಿಬಿ ಒಂದೇ ವ್ಯವಹಾರ ಕೋಷ್ಟಕದಲ್ಲಿದ್ದರೆ ಉಳಿದವು ಬೇಗ ಮುಗಿದರೂ ಆ ಒಂದಕ್ಕಾಗಿ ಕಾಯಬೇಕು. ತುಂಬುವಾಗ ಬಹಳ ಹೊತ್ತು ತಿನ್ನುವುದು ಇಂಡೆಕ್ಸ್ ಕಟ್ಟುವ ಕೆಲಸ. ಹೊಸ ಸರ್ವರ್‌ನಲ್ಲಿ ಮೆಯಿಂಟೆನೆನ್ಸ್ ವರ್ಕ್ ಮೆಮ್ ಮತ್ತು ಮ್ಯಾಕ್ಸ್ ವಾಲ್ ಸೈಜ್ ಎಂಬ ಎರಡು ಮಿತಿಗಳನ್ನು ಆ ಹೊತ್ತಿಗೆ ಏರಿಸಿದರೆ ಗಣನೀಯ ಉಳಿತಾಯವಾಗುತ್ತದೆ. ವೇಗಕ್ಕಾಗಿ, ಬರೆದದ್ದು ಡಿಸ್ಕಿಗೆ ತಲುಪಿತೆಂದು ಖಾತ್ರಿಪಡಿಸುವ ಎಫ್‌ಸಿಂಕ್ ಅನ್ನೇ ನಿಲ್ಲಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಮರಳಿ ಹಾಕಲು ಮರೆತರೆ ಮುಂದೆಂದೋ ವಿದ್ಯುತ್ ಹೋದ ಕ್ಷಣದಲ್ಲಿ ಡೇಟಾಬೇಸ್ ಕೆಡಬಹುದು.

ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್‌ಗಳು ಪಿಜಿ ಡಂಪ್‌ನಲ್ಲಿ ಬರುವುದಿಲ್ಲ. ಅವುಗಳನ್ನು ಪಿಜಿ ಡಂಪ್ ಆಲ್‌ನಿಂದ ಪ್ರತ್ಯೇಕವಾಗಿ ತೆಗೆಯಬೇಕು. ಇಲ್ಲೊಂದು ಗುಂಡಿ ಇದೆ. 14ರಿಂದ ಈಚೆಗೆ ಪಾಸ್‌ವರ್ಡ್ ಕಾಯುವ ಪೂರ್ವನಿಯೋಜಿತ ವಿಧಾನ ಸ್ಕ್ರಾಮ್. ನಿಮ್ಮ ಹಳೆಯ ಪಾಸ್‌ವರ್ಡ್‌ಗಳು ಎಂಡಿ5 ಎಂಬ ಹಳೆಯ ರೂಪದಲ್ಲಿ ಇರುವ ಸಂಭವ ಹೆಚ್ಚು. ಹೊಸ ಸರ್ವರ್‌ನ ಪ್ರವೇಶ ನಿಯಮದ ಫೈಲಿನಲ್ಲಿ ಸ್ಕ್ರಾಮ್ ಮಾತ್ರ ಎಂದಿದ್ದರೆ ಒಬ್ಬರೂ ಒಳಬರಲಾರರು. ಸದ್ಯಕ್ಕೆ ಅಲ್ಲಿ ಎಂಡಿ5 ಎಂದೇ ಬರೆಯಿರಿ. ಆ ಆಯ್ಕೆ ಎರಡೂ ಬಗೆಯನ್ನು ಒಪ್ಪುತ್ತದೆ. ಅಪ್ಲಿಕೇಶನ್‌ನ ಸಂಪರ್ಕ ಡ್ರೈವರ್ ತೀರಾ ಹಳೆಯದಾಗಿದ್ದರೆ ಅದಕ್ಕೆ ಸ್ಕ್ರಾಮ್ ಗೊತ್ತೇ ಇರುವುದಿಲ್ಲ. ಅದನ್ನು ಬದಲಿಸಿದ ಮೇಲೆ ನಿಧಾನವಾಗಿ ಎಲ್ಲರ ಪಾಸ್‌ವರ್ಡ್ ಹೊಸದಾಗಿ ಇಡಿ.

ತಾಲೀಮಿಗೆ ಮುನ್ನ ಹಳೆಯ ಡೇಟಾಬೇಸ್‌ನ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ರೀತಿ) ಏನೆಂದು ನೋಡಿ. ಯುಟಿಎಫ್-8 ಇದ್ದರೆ ಚಿಂತೆಯಿಲ್ಲ. ಕರ್ನಾಟಕದ ಹಳೆಯ ಕಚೇರಿಗಳಲ್ಲಿ ಯೂನಿಕೋಡ್‌ಗೂ ಮೊದಲಿನ ನುಡಿ ಅಥವಾ ಬರಹ ಫಾಂಟ್ ಸಂಕೇತಗಳಲ್ಲಿ ತುಂಬಿದ ದಾಖಲೆಗಳು ಎಸ್‌ಕ್ಯುಎಲ್ ಆಸ್ಕಿ ಎಂಬ ಎನ್‌ಕೋಡಿಂಗ್‌ನಲ್ಲಿ ಈಗಲೂ ಮಲಗಿರುತ್ತವೆ. ಆ ಎನ್‌ಕೋಡಿಂಗ್ ಏನನ್ನೂ ಪರೀಕ್ಷಿಸದೆ ಒಳಗೆ ಬಿಡುತ್ತದೆ. ಅಂಥದ್ದನ್ನು ಯುಟಿಎಫ್-8 ಡೇಟಾಬೇಸ್‌ಗೆ ತುಂಬಲು ಹೋದರೆ ಅಮಾನ್ಯ ಬೈಟ್ ಎಂದು ಮಧ್ಯದಲ್ಲೇ ನಿಲ್ಲುತ್ತದೆ. ಅದು ಗೊತ್ತಾಗಬೇಕಾದದ್ದು ತಾಲೀಮಿನ ದಿನ.

ಕೊನೆಯದಾಗಿ, ತುಂಬಿ ಮುಗಿದ ಮೇಲೆ ಅನಲೈಸ್ ಆದೇಶ ಓಡಿಸಲೇಬೇಕು. ಯಾವ ಕೋಷ್ಟಕದಲ್ಲಿ ಏನು ಎಷ್ಟಿದೆ ಎಂಬ ಅಂದಾಜನ್ನು ಹೊಸ ಸರ್ವರ್ ಇನ್ನೂ ಕಟ್ಟಿಕೊಂಡಿರುವುದಿಲ್ಲ. ಅದಿಲ್ಲದೆ ಸೋಮವಾರ ಬೆಳಿಗ್ಗೆ ಎಲ್ಲವೂ ತೆವಳುತ್ತದೆ, "ಹೊಸದಕ್ಕಿಂತ ಹಳೆಯದೇ ವಾಸಿ" ಎಂಬ ಮಾತು ಹುಟ್ಟುತ್ತದೆ.

ಆ ಭಾನುವಾರ

ಮಾರ್ಚ್ ಕೊನೆಯನ್ನೂ ಅಡಿಕೆ ಆವಕ ಜೋರಾಗಿರುವ ವಾರಗಳನ್ನೂ ಬಿಟ್ಟು ದಿನ ಗೊತ್ತುಮಾಡಿ. ಶನಿವಾರ ಸಂಜೆ ದಿನದ ಲೆಕ್ಕ ಮುಗಿದ ಮೇಲೆ ತಾಳೆ ಪಟ್ಟಿ, ಒಟ್ಟು ಠೇವಣಿ, ಒಟ್ಟು ಸಾಲ, ನಗದು ಶಿಲ್ಕು, ಸದಸ್ಯರ ಸಂಖ್ಯೆ, ಕೊನೆಯ ರಸೀದಿ ಸಂಖ್ಯೆ ಇಷ್ಟನ್ನೂ ಕಾಗದದ ಮೇಲೆ ಮುದ್ರಿಸಿ, ಲೆಕ್ಕಿಗರಿಂದ ಸಹಿ ಮಾಡಿಸಿ. ಬ್ಯಾಕಪ್ ಒಂದನ್ನು ಬೇರೆ ಡಿಸ್ಕಿಗೆ ತೆಗೆದುಕೊಳ್ಳಿ. ಆಮೇಲೆ ಹಳೆಯ ಸರ್ವರ್‌ನ ಪ್ರವೇಶ ನಿಯಮ ಬದಲಿಸಿ, ಡಂಪ್ ತೆಗೆಯುವ ಬಳಕೆದಾರನನ್ನು ಬಿಟ್ಟು ಉಳಿದ ಎಲ್ಲ ಸಂಪರ್ಕವನ್ನೂ ತಡೆಯಿರಿ. ಅಪ್ಲಿಕೇಶನ್ ನಿಲ್ಲಿಸಿದರೆ ಸಾಲದು. ಎಲ್ಲೋ ಒಂದು ಶಾಖೆಯ ಕಂಪ್ಯೂಟರ್, ಎಸ್‌ಎಂಎಸ್ ಕಳಿಸುವ ಒಂದು ಸಣ್ಣ ಪ್ರೋಗ್ರಾಂ ಹಳೆಯದರಲ್ಲಿ ಬರೆಯುತ್ತಲೇ ಇರುತ್ತದೆ. ಹಾಗೆ ಬರೆದದ್ದು ಹೊಸದಕ್ಕೆ ಬರುವುದಿಲ್ಲ.

ತುಂಬಿದ ಮೇಲೆ ಅದೇ ಪಟ್ಟಿಗಳನ್ನು ಹೊಸ ಸರ್ವರ್‌ನಿಂದ ಮುದ್ರಿಸಿ ಲೆಕ್ಕಿಗರ ಕೈಗೆ ಕೊಡಿ. ತಾಳೆ ಮಾಡುವವರು ಅವರೇ ಆಗಿರಲಿ, ನೀವಲ್ಲ. ಕೆಲವು ಸದಸ್ಯರ ಸಹಿ ಮತ್ತು ಫೋಟೊ ತೆರೆದು ನೋಡಿ. ಕನ್ನಡ ಹೆಸರಿನಿಂದ ಹುಡುಕಿ ನೋಡಿ. ಸುಳ್ಳು ರಸೀದಿ ಹಾಕಿ ಸಂಖ್ಯೆ ಪರೀಕ್ಷಿಸುವ ಆಸೆ ಬರುತ್ತದೆ, ಅದನ್ನು ತಾಲೀಮಿನಲ್ಲೇ ಮುಗಿಸಿಕೊಳ್ಳಿ.

ಹಿಂದಿರುಗುವ ತೀರ್ಮಾನಕ್ಕೂ ಒಂದು ಗಡುವು ಬೇಕು. ಸೋಮವಾರ ಮೊದಲ ರಸೀದಿ ಹೊಸ ಸರ್ವರ್‌ನಲ್ಲಿ ಬಿದ್ದ ಮೇಲೆ ಹಳೆಯದಕ್ಕೆ ಮರಳಿದರೆ ಆ ರಸೀದಿ ಕಳೆದುಹೋಗುತ್ತದೆ. ಅದಕ್ಕೆ ಮೊದಲು ಎಷ್ಟು ಹೊತ್ತಿಗೆ ಬೇಕಾದರೂ ಹಳೆಯ ಸರ್ವರ್‌ನ ಬಾಗಿಲು ತೆರೆದು ಏನೂ ಆಗದಂತೆ ಕೆಲಸ ಆರಂಭಿಸಬಹುದು. ಈ ದಾರಿಯ ದೊಡ್ಡ ಬಲ ಇದೇ. ಭಾನುವಾರ ಸಂಜೆ ಇಷ್ಟು ಗಂಟೆಗೆ ತಾಳೆ ಆಗದಿದ್ದರೆ ಹಿಂದಿರುಗುತ್ತೇವೆ ಎಂದು ಮೊದಲೇ ಬರೆದಿಡಿ. ಆ ಗಂಟೆ ಬಂದಾಗ "ಇನ್ನರ್ಧ ಗಂಟೆ ನೋಡೋಣ" ಎನ್ನಬೇಡಿ.

ಹಳೆಯ ಸ್ಟ್ಯಾಂಡ್‌ಬೈಯನ್ನು ಅಲ್ಲಿಯವರೆಗೂ ಮುಟ್ಟಬೇಡಿ, ಅದರ ಯಂತ್ರವನ್ನೇ ಹೊಸ ಸರ್ವರ್ ಆಗಿ ಬಳಸುವ ಉಳಿತಾಯಕ್ಕೂ ಹೋಗಬೇಡಿ. 12ರ ಸ್ಟ್ಯಾಂಡ್‌ಬೈ 17ನ್ನು ಹಿಂಬಾಲಿಸಲಾರದು. ಹೊಸದು ಒಂದೆರಡು ವಾರ ಚೆನ್ನಾಗಿ ನಡೆದ ಮೇಲೆ ಆ ಯಂತ್ರಕ್ಕೂ ಅದೇ ಆಪರೇಟಿಂಗ್ ಸಿಸ್ಟಂ ಹಾಕಿ, ಪಿಜಿ ಬೇಸ್‌ಬ್ಯಾಕಪ್ ಎಂಬ ಪ್ರೋಗ್ರಾಂನಿಂದ ಹೊಸ ಸ್ಟ್ಯಾಂಡ್‌ಬೈ ಕಟ್ಟಿ. ಆ ಅವಧಿಯಲ್ಲಿ ದಿನಕ್ಕೆರಡು ಬಾರಿ ಬ್ಯಾಕಪ್ ತೆಗೆಯಿರಿ. ಹಳೆಯ ಮುಖ್ಯ ಸರ್ವರ್ ಅನ್ನು ನೆಟ್‌ವರ್ಕ್‌ನಿಂದ ಬಿಡಿಸಿ, ಈ ವರ್ಷದ ಲೆಕ್ಕ ಪರಿಶೋಧನೆ ಮುಗಿಯುವವರೆಗೂ ಇಟ್ಟುಕೊಳ್ಳಿ.

ಆಡಳಿತ ಮಂಡಳಿಗೆ ಕೇಳುವ ಹೊತ್ತು: ತಾಲೀಮಿನಲ್ಲಿ ಡಂಪ್ ತೆಗೆದು ತುಂಬಿ ಅನಲೈಸ್ ಮುಗಿಯಲು ಎಷ್ಟಾಯಿತೋ ಅದರ ಎರಡರಷ್ಟು, ಜೊತೆಗೆ ತಾಳೆಗೆ ಮೂರು ಗಂಟೆ. ತಾಲೀಮಿಗೆ ಐದು ಗಂಟೆ ಹಿಡಿದಿದ್ದರೆ ಹದಿಮೂರು ಗಂಟೆ ಕೇಳಿ. ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ನಿಮ್ಮ ಬಳಿ ಇದೆ. ತಾಲೀಮಿನ ಲೆಕ್ಕ ಆ ಅವಧಿಗೂ ಮೀರಿದರೆ ಮಾತ್ರ ನನ್ನ ಸಲಹೆ ಬದಲಾಗುತ್ತದೆ. ಆಗ ಡೇಟಾ ಫೈಲುಗಳನ್ನು ಹೊಸ ಯಂತ್ರಕ್ಕೆ ಒಯ್ದು, ಪಿಜಿ ಅಪ್‌ಗ್ರೇಡ್‌ನ ನಕಲು ಅಥವಾ ಕ್ಲೋನ್ ಆಯ್ಕೆ ಬಳಸಿ, ಪಠ್ಯ ಇಂಡೆಕ್ಸ್‌ಗಳನ್ನೆಲ್ಲ ಮರಳಿ ಕಟ್ಟುವ ದಾರಿ ಹಿಡಿಯಿರಿ. ಪತ್ರದಲ್ಲಿ ತಾಲೀಮಿನ ದಿನಾಂಕ, ಹಿಡಿದ ಹೊತ್ತು, ಹಿಂದಿರುಗುವ ಗಡುವು ಮತ್ತು ತಾಳೆಗೆ ಸಹಿ ಹಾಕುವವರ ಹುದ್ದೆ ಈ ನಾಲ್ಕೂ ಇರಲಿ. ಅದೇ ಪತ್ರದ ಪ್ರತಿಯನ್ನು ಆಕ್ಷೇಪಣೆಗೆ ಉತ್ತರವಾಗಿ ಲೆಕ್ಕ ಪರಿಶೋಧಕರಿಗೂ ಕಳುಹಿಸಬಹುದು.